ಒಂಬತ್ತು ತಲೆಯ ಮದುಮಗ

ನಿಮ್ಮ ಎತ್ತರ ನಿಮ್ಮ ತಲೆಯ ಉದ್ದದ ಎಷ್ಟು ಪಟ್ಟು? ಗೊತ್ತಿಲ್ಲ ತಾನೆ? ಅದಕ್ಕೇ ಸುಖವಾಗಿದ್ದೀರಿ. ನನಗೆ ಗೊತ್ತಿದ್ದೂ ಅಡಗಿಸಿಟ್ಟೆ. ಕಳೆದ ತಿಂಗಳು ಮದುವೆಯ ಶೇರವಾನಿ ನನ್ನ ಗುಟ್ಟು ರಟ್ಟು ಮಾಡಿತು.

ಮದುಮಗನ ಬಟ್ಟೆ ಹೆಣ್ಣಿನ ಮನೆಯವರದು. ಅದು ನಮ್ಮ ಕಡೆಯ ಪದ್ಧತಿ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿರುವ ನನ್ನ ಮಾವ ಕಲಬುರಗಿಯ ನಮ್ಮ ಮನೆಗೆ ಹೇಳಿಕಳಿಸಿದರು: "ಅಳತಿಗೆ ಒಂದು ಹಳೀ ಕೋಟ್ ಕಳಸ್ರಿ. ನಮ್ಮೂರ ದರ್ಜಿ ಹೊಲೀತಾನ."

ನನ್ನ ಎರಡೂ ಕೋಟುಗಳ ಮೊಣಕೈಗೆ ತೇಪೆ. (ಕಚೇರಿ ಗುಮಾಸ್ತನ ಮೊಣಕೈ ಮೇಜಿನ ಮೇಲೇ ಸವೆಯುತ್ತದೆ.) ಅದನ್ನು ಬೀಗರ ಮನೆಯಲ್ಲಿ ಹರವಿ ತೋರಿಸಲೇ? ಅಳತೆ ಕೊಡಲು ಮದುಮಗ ತಾನೇ ಹೋಗುವುದಂತೂ ಚಂದವಲ್ಲ.

ಇನ್ನೊಂದು ಆಸೆಯೂ ಇತ್ತು. ನಮ್ಮೂರ ಸರ್ಕಾರಿ ಅತಿಥಿಗೃಹ ಐವಾನ್-ಎ-ಶಾಹಿಗೆ ಬಂದಿಳಿಯುವ ಹೈದರಾಬಾದಿನ ಸಾಹೇಬರ ಶೇರವಾನಿ ನೋಡಿದ್ದೀರಲ್ಲ? ಆ ಕಾಲರ್, ಆ ಕಟ್! ಅದರ ಚಿತ್ರ ಬರೆದೇ ಕಳಿಸಿದರೆ ತೇಪೆಯೂ ಮುಚ್ಚಿತು, ಫ್ಯಾಷನ್ನೂ ಆಯಿತು. ನಮ್ಮ ಹೈದರಾಬಾದ್ ಸರ್ಕಾರದ ಕಚೇರಿಗೆ ವಾರದ ರಜೆ ಶುಕ್ರವಾರ. ಹಾಗೆ ನಾಲ್ಕು ಶುಕ್ರವಾರ ಡ್ರಾಯಿಂಗ್ ಮಾಸ್ತರರ ಮನೆಗೆ ಹೋದೆ.

ಮೊದಲ ದಿನ ನಾನು ಬರೆದ ಮನುಷ್ಯ ಜೋಳದ ಚೀಲದಂತಿದ್ದ. ಮಾಸ್ತರರು ಬೊಂಬಾಯಿಯ ಬಟ್ಟೆ ಕ್ಯಾಟಲಾಗು ಬಿಚ್ಚಿದರು.

"ತಲಿ ಉದ್ದಾ ಹಿಡಕೊಂಡು ಮೈ ಅಳೀರಿ. ಖರೇ ಮನಷ್ಯಾ ಏಳು ತಲಿ ಇರ್ತಾನ. ಫ್ಯಾಷನ್ ಚಿತ್ರದಾಗ ಒಂಬತ್ತು ಬರೀತಾರ. ಬಟ್ಟಿ ಎದ್ದು ಕಾಣಬೇಕಲ್ಲ."

"ನಾ ಎಷ್ಟು ತಲಿ ಅದೀನ್ರಿ?"

ಮಾಸ್ತರರು ಪೆನ್ಸಿಲ್ ಚಾಚಿ, ಒಂದು ಕಣ್ಣು ಮುಚ್ಚಿ ನೋಡಿದರು. "ಆರೂವರಿ ಅಂತ ಹಿಡೀರಿ."

ಯಾರಿಗೆ ಬೇಕು ಈ ಆರೂವರೆ? ನಾಲ್ಕನೆಯ ಶುಕ್ರವಾರ ನನ್ನ ಪೆನ್ಸಿಲಿನಿಂದ ಒಂಬತ್ತು ತಲೆಯ ಮದುಮಗ ಎದ್ದು ನಿಂತ. ಸಣ್ಣ ನಡು, ಮುಗಿಯದ ಕಾಲು, ಮೊಣಕಾಲಿಗೆ ಸರಿಯಾಗಿ ಶೇರವಾನಿ. ಮುಖ ಮಾತ್ರ ನನ್ನದು. ಲಕೋಟೆಯಲ್ಲಿ ಚಿತ್ರದ ಜೊತೆ, ನನ್ನ ತಲೆಯ ಉದ್ದಕ್ಕೆ ಕತ್ತರಿಸಿದ ಒಂದು ದಾರ ಇಟ್ಟೆ. "ದಾರ ನನ್ನ ತಲೆಯ ಅಳತೆ. ಉಳಿದದ್ದೆಲ್ಲ ಚಿತ್ರದಲ್ಲಿದೆ" ಎಂದು ಬರೆದೆ. ಎಂಥ ಜಾಣ, ನೋಡಿ.

ದರ್ಜಿ ಪಾಪ ನನಗಿಂತ ಪ್ರಾಮಾಣಿಕ. ಚಿತ್ರದಲ್ಲಿ ಶೇರವಾನಿ ಐದು ತಲೆ ಉದ್ದವಿತ್ತು. ದಾರವನ್ನು ಐದು ಸಲ ಇಟ್ಟು ಕತ್ತರಿಸಿದ. ನಡುವನ್ನೂ ಹಾಗೇ ಅಳೆದ.

ಮದುವೆಯ ಬೆಳಿಗ್ಗೆ ಕಮಲಾಪುರದಲ್ಲಿ ಅದನ್ನು ತೊಟ್ಟೆ. ಕೆಳಗೆ ಪಾದ ಮುಟ್ಟಿತು. ಹೊಟ್ಟೆಯ ಮೇಲೆ ಗುಂಡಿಗೂ ಕಾಜಾಕ್ಕೂ ನಡುವೆ ನಾಲ್ಕು ಬೆರಳು. ನನ್ನ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೋಡಿದಳು.

ತೊಡದಿದ್ದರೆ ಹೈದರಾಬಾದಿನಿಂದ ರೇಷ್ಮೆ ತರಿಸಿದ ಮಾವನಿಗೆ ಅವಮಾನ. ತೊಟ್ಟರೆ ಊರೆಲ್ಲ ನಗುತ್ತದೆ. ಅದೂ ಹೋಗಲಿ, ಆ ಚಿತ್ರವನ್ನು ಹುಡುಗಿ ನೋಡಿರುತ್ತಾಳಲ್ಲ? ಒಂಬತ್ತು ತಲೆಯವನಿಗಾಗಿ ಕಾದವಳ ಎದುರು ಆರೂವರೆ ಹೋಗಿ ನಿಲ್ಲಬೇಕು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಹುಡುಗಿಯ ಸೋದರತ್ತೆ ಸೂಜಿ ದಾರ ಹಿಡಿದು ಬಂದರು.

"ಕೋಟ್ ತೆಗದು ಕೊಡ್ರಿ, ಅಳಿಯಂದ್ರ. ನಮ್ಮ ನೀಲವ್ವ ದರ್ಜಿಗೆ ಹೇಳಿ ಎರಡೂ ಬಗಲಾಗ ಒಳಗ ಬಟ್ಟಿ ಬಿಡಸ್ಯಾಳ. ಹೊಲಿಗಿ ಬಿಚ್ಚಿದ್ರ ಸಡಲ ಆಗ್ತದ. ಕೆಳಗ ಮಡಚಿ ಹೊಲೀತೀನಿ."

ನಿಶ್ಚಯದ ದಿನ ಮದುಮಗಳು ನೀಲವ್ವ ಕಿಟಕಿಯ ಸಂದಿಯಿಂದ ನನ್ನನ್ನು ನೋಡಿದ್ದಳಂತೆ. ಅಂತೂ ಗುಂಡಿ ಹಾಕಿಕೊಂಡೇ ತಾಳಿ ಕಟ್ಟಿದೆ.

ಮೊನ್ನೆ ಅವಳನ್ನು ಕೇಳಿದೆ: "ಚಿತ್ರ ಸುಳ್ಳಂತ ನಿಮ್ಮಪ್ಪಗ ಮೊದಲೇ ಹೇಳಬೇಕಿಲ್ಲೇನು?"

"ಹೇಳಿದ್ರ ಮತ್ತ ಹಳೀ ಕೋಟ್ ಕಳಸ್ರಿ ಅಂತಿದ್ರು" ಎಂದಳು ನೀಲವ್ವ. "ನಿಶ್ಚಯದ ದಿನ ನೀವು ಮೊಣಕೈ ಮುಚ್ಚಿಕೊಂಡೇ ಕೂತಿದ್ರಿ."

ಇಂಥವಳ ಮುಂದೆ ನಾನು ಎತ್ತರ ತೋರಿಸಲು ಹೋಗಿದ್ದೆನಲ್ಲ.

ಚಿತ್ರ ಈಗ ಕಲಬುರಗಿಯ ನಮ್ಮ ಮನೆಯ ಗೋಡೆಯ ಮೇಲಿದೆ. ಹರಿದು ಹಾಕಲು ಅವಳು ಬಿಡುವುದಿಲ್ಲ. ಮನೆಗೆ ಬಂದವರೆಲ್ಲ ಕೇಳುತ್ತಾರೆ, "ಇವರ್ಯಾರ್ರೀ?"

ನೀಲವ್ವ ನಗದೇ ಹೇಳುತ್ತಾಳೆ: "ನಮ್ಮ ಮನಿಯವರೇ ರೀ, ಅಳತಿ ತಗೊಳ್ಳೋಕಿಂತ ಮೊದಲ."