ನೆಲದ ಹಣ್ಣು

ಮೊನ್ನೆ ಐಮಂಗಲದ ರಸ್ತೆಯಲ್ಲಿ ಮೋಟಾರಿಗಾಗಿ ಕಾಯುತ್ತ, ಹುಣಸೆ ಮರದ ಕೆಳಗೆ ಕೊಡೆ ಬಿಚ್ಚಿಕೊಂಡು ನಿಂತಿದ್ದೆ. ನೆರಳಿನಲ್ಲಿ ಕೊಡೆ ಯಾಕೆ ಎಂದು ಕೇಳಬೇಡಿ. ಆ ಮರದ ಕಾಗೆಗಳನ್ನು ಕಂಡವರು ಕೇಳುವುದಿಲ್ಲ. ಕೊಡೆಯ ಮೇಲೆ ಟಪ್ಪೆಂದು ಏನೋ ಬಿತ್ತು. ಬಂತಪ್ಪಾ ಪ್ರಸಾದ ಎಂದುಕೊಂಡು ಕೊಡೆ ಇಳಿಸಿ ನೋಡಿದರೆ ಹುಣಸೆಹಣ್ಣು. ನನ್ನ ಕೊಡೆ ನನ್ನಷ್ಟೇ ಹಳೆಯದು. ಒಂದು ಕಡ್ಡಿ ಮುರಿದು ಆ ಭಾಗ ಬಟ್ಟಲಿನಂತೆ ತಗ್ಗಾಗಿದೆ. ಅದರೊಳಗೆ ಹಣ್ಣು ಹಾಯಾಗಿ ಮಲಗಿತ್ತು.

ಅಷ್ಟು ದೂರದಲ್ಲಿ ಒಬ್ಬಳು ಹೆಂಗಸು ಸೆರಗು ಕಟ್ಟಿಕೊಂಡು ಹಣ್ಣು ಆರಿಸುತ್ತಿದ್ದಳು. ಇದು ಬಿದ್ದದ್ದನ್ನು ಅವಳೂ ಕಂಡಿದ್ದಳು. ಕೊಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ತಗಾ ತಾಯಿ" ಎಂದು ಕೊಡಲು ಕೈ ಚಾಚಿದ ನಾನು ಅರ್ಧಕ್ಕೇ ನಿಲ್ಲಿಸಿದೆ. ಇದು ಮರದ ಹಣ್ಣೋ, ನೆಲದ ಹಣ್ಣೋ? ನಗಬೇಡಿ. ನಮ್ಮ ಅತ್ತೆ ಇದ್ದಿದ್ದರೆ ನಗುತ್ತಿರಲಿಲ್ಲ. ಆ ಪ್ರಶ್ನೆಗಾಗಿ ನಮ್ಮ ಮನೆಯಲ್ಲಿ ಬೇಸಿಗೆಯಿಂದ ಮುಂದಿನ ಚಳಿಗಾಲದವರೆಗೆ ಸಪ್ಪೆ ಸಾರು ಉಂಡಿದ್ದೇವೆ.

ನಾನು ದುರ್ಗದ ಮೇಷ್ಟರ ಮಗಳು. ಮದುವೆಯಾಗಿ ಐಮಂಗಲಕ್ಕೆ ಬಂದಾಗ ನನಗೆ ಓದು ಬರುತ್ತಿತ್ತು, ಸಾರು ಬರುತ್ತಿರಲಿಲ್ಲ. ಅತ್ತೆಗೆ ಓದು ಬರುತ್ತಿರಲಿಲ್ಲ. ಸಾರು ಎಂದರೆ ಅವರದೇ ಸಾರು. ಹುಣಸೆಹಣ್ಣನ್ನು ನೀರಲ್ಲಿ ನೆನೆಹಾಕಿ, ಕಿವುಚಿ, ಒಂದು ತೊಟ್ಟು ನಾಲಿಗೆಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಕಣ್ಣು ತೆರೆದಾಗ ಉಪ್ಪು ಎಷ್ಟು, ಬೆಲ್ಲ ಎಷ್ಟು ಎಂಬುದು ತೀರ್ಮಾನವಾಗಿರುತ್ತಿತ್ತು. "ಹುಳಿ ಇಲ್ಲದ ಸಾರು, ಜಗಳ ಇಲ್ಲದ ಸಂಸಾರ, ಎರಡೂ ಬಾಯಿಗೆ ಹತ್ತಲ್ಲ ಕಣವ್ವ" ಎನ್ನುತ್ತಿದ್ದರು. ಮಾವ ಪಡಸಾಲೆಯಿಂದ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಒಪ್ಪಿಗೆ ಎಂದು ಅರ್ಥ.

ಮಾವನದು ಮೆಣಸಿನಕಾಯಿ, ಬೆಲ್ಲದ ಸಣ್ಣ ವ್ಯಾಪಾರ. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವ ಶಿವ. ಒಂದು ಇರುವೆಯನ್ನೂ ನೋಯಿಸಿದವರಲ್ಲ. ಆದರೆ ಹೆದರಿಕೆಯಾದರೆ ಮಾತ್ರ ದನಿ ಏರುತ್ತಿತ್ತು. ಗೊತ್ತಿಲ್ಲದವರು ಅದನ್ನು ಕೋಪ ಎಂದುಕೊಳ್ಳುತ್ತಿದ್ದರು.

ರಸ್ತೆಯ ಸಾಲುಮರಗಳು ಮಹಾರಾಜರ ಸರ್ಕಾರದವು. ಅವುಗಳ ಫಸಲನ್ನು ಪ್ರತಿ ವರ್ಷ ಹರಾಜು ಹಾಕುತ್ತಿದ್ದರು. ಆದರೆ ಊರಿಗೆ ಊರಿನದೇ ಒಂದು ಕಟ್ಟಳೆಯಿತ್ತು. ಗುತ್ತಿಗೆದಾರನ ಆಳುಗಳು ಗಳ ಹಿಡಿದು ಮರ ಬಡಿದ ದಿನ ಬಿದ್ದದ್ದೆಲ್ಲ ಗುತ್ತಿಗೆದಾರನದು. ಆ ದಿನ ಯಾವ ಹೆಂಗಸೂ ಮರದ ಹತ್ತಿರ ಸುಳಿಯುತ್ತಿರಲಿಲ್ಲ. ಮಿಕ್ಕ ದಿನ ಗಾಳಿಗೆ ತಾನಾಗಿ ಉದುರಿದ್ದು ಆರಿಸಿಕೊಂಡವರದು. ಅದನ್ನು ನೆಲದ ಹಣ್ಣು ಎನ್ನುತ್ತಿದ್ದರು. ಬಡವರ ಮನೆಯ ವರ್ಷದ ಹುಳಿ ಅಲ್ಲಿಂದಲೇ ಬರಬೇಕು. ಅಂಗಡಿಯಿಂದ ಹುಣಸೆಹಣ್ಣು ತರುವವರನ್ನು ಸೋಮಾರಿಗಳೆಂದೇ ಊರು ಎಣಿಸುತ್ತಿತ್ತು. ಅತ್ತೆ ಅದೇ ಊರಿನ ಮಗಳು. ಬೆಳಗಿನ ಜಾವ ನೆಲದ ಹಣ್ಣಿಗೆ ಹೋಗುವ ಹೆಂಗಸರಲ್ಲಿ ಅವರೂ, ಪಿಂಜಾರರ ಮನೆಯ ಹುಸೇನ್‌ಬೀಯೂ ಮುಂದು. ಇಬ್ಬರೂ ಕುಂಟೆಬಿಲ್ಲೆ ಆಡಿ ಬೆಳೆದ ಗೆಳತಿಯರು.

ರಾಮಗಿರಿ ಸ್ಟೇಷನ್ನಿನಿಂದ ರೈಲಿನಲ್ಲಿ ಹುಣಸೆಹಣ್ಣು ದೂರದ ಪೇಟೆಗಳಿಗೆ ಹೋಗತೊಡಗಿದ ಮೇಲೆ ಅದಕ್ಕೆ ಎಲ್ಲಿಲ್ಲದ ಬೆಲೆ ಬಂತು. ಬೆಲೆ ಬಂದದ್ದಕ್ಕೆ ಕಾನೂನೂ ಬರುತ್ತದಲ್ಲ. ಆ ವರ್ಷ ಹರಾಜಿನಲ್ಲಿ ನಮ್ಮ ಮಾವನೇ ಗುತ್ತಿಗೆ ಹಿಡಿದರು, ಕೈಯಲ್ಲಿದ್ದದ್ದನ್ನೆಲ್ಲ ಅದಕ್ಕೇ ಸುರಿದು. ಮಾರನೆಯ ದಿನ ತಳವಾರ ತಮಟೆ ಬಡಿಯುತ್ತ ಬಂದ. "ಮರದ ಮ್ಯಾಲಿಂದು, ನೆಲದ ಮ್ಯಾಲಿಂದು, ಎಲ್ಲಾ ಗುತ್ತಿಗೆದಾರ್ರದು! ಮುಟ್ಟಿದೋರಿಗೆ ದಂಡ ಐತೆ!"

ಒಲೆಯ ಮುಂದಿದ್ದ ಅತ್ತೆ ಎದ್ದು ಪಡಸಾಲೆಗೆ ಬಂದರು. "ಏನ್ರಿ ಅದು? ನೆಲದ್ದೂ ನಿಮ್ದೇನು?"

"ನಾನೆಲ್ಲಿ ಅಂದೆ? ಸರ್ಕಾರ ಅಂದೈತೆ."

"ಸರ್ಕಾರ ಅಂದ್ರೆ ನೀವು ಹೂಂ ಅಂದ್ರಾ?"

ಮಾವನ ದನಿ ಏರಿತು. "ಮತ್ತೇನ್ ಮಾಡ್ಲೇ? ಕಂಡೋರೆಲ್ಲ ಆರಿಸ್ಕೊಂಡು ಹೋದ್ರೆ ನಾನು ಸರ್ಕಾರಕ್ಕೆ ಏನು ಕಟ್ಲಿ? ಗಾಳಿ ಬೀಸಿದ ವರ್ಷ ಅರ್ಧ ಫಸಲು ನೆಲದ ಮ್ಯಾಲೇ ಇರ್ತೈತೆ!"

ನಿಜ ಹೇಳುತ್ತೇನೆ, ಆ ಮಾತೂ ನನಗೆ ಸರಿ ಎನಿಸಿತು. ಇಂದಿಗೂ ತಪ್ಪೆನ್ನಲು ನಾಲಿಗೆ ತಿರುಗುವುದಿಲ್ಲ. ಅತ್ತೆ ಒಳಗೆ ಬಂದು, ನೆನೆಹಾಕಿದ್ದ ಹುಣಸೆಹಣ್ಣನ್ನು ನೀರಿನ ಸಮೇತ ಹಿತ್ತಲಿಗೆ ಚೆಲ್ಲಿ, "ಇವತ್ತಿಂದ ಈ ಮನ್ಯಾಗೆ ಹುಣ್ಸೆಹುಳಿ ಹಾಕ್ಬ್ಯಾಡವ್ವ" ಎಂದರು.

ಮೊದಮೊದಲು ಪುಂಡಿ ಸೊಪ್ಪಿನ ಹುಳಿ ಕಾಪಾಡಿತು, ಆಮೇಲೆ ಮಾವಿನಕಾಯಿ. ಅವೂ ಮುಗಿದ ಮೇಲೆ ಬೇಳೆ, ನೀರು, ಖಾರ ಅಷ್ಟೇ. ಬಡಿಸುವ ಕೆಲಸ ನನ್ನದು. ಪಡಸಾಲೆಯಲ್ಲಿ ಮಾಡಿನವರೆಗೆ ಹುಣಸೆಹಣ್ಣಿನ ರಾಶಿ. ಆ ವಾಸನೆಗೆ ಬೀದಿಯಲ್ಲಿ ಹೋಗುವವರ ಬಾಯಲ್ಲೂ ನೀರೂರುತ್ತಿತ್ತು. ಅದರ ಪಕ್ಕದಲ್ಲೇ ಕುಳಿತು ಮಾವ ಮುದ್ದೆಯನ್ನು ಆ ಸಪ್ಪೆ ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಒಂದು ದಿನವೂ ಇದೇನು ಎಂದು ಕೇಳಲಿಲ್ಲ. ಆ ರಾಶಿಗೆ ಕೈ ಹಾಕಿ ಒಂದು ಹಣ್ಣು ಕಿವುಚಿಕೊಳ್ಳಲೂ ಇಲ್ಲ. ನನಗೆ ಅವರ ಮೇಲೆ ಅಕ್ಕರೆ ಹುಟ್ಟಿದ್ದು ಆಗ.

ತಾಲ್ಲೂಕಿನ ಅಮಲ್ದಾರರು ಊರಿಗೆ ಬಂದಾಗ ಹೆಂಗಸರೆಲ್ಲ ಮುಸಾಫಿರ ಬಂಗಲೆಯ ಮುಂದೆ ನಿಂತರು. ನಾನೂ ಅತ್ತೆಯ ಬೆನ್ನಿಗೆ ಇದ್ದೆ. ಅಮಲ್ದಾರರು ಕೆಟ್ಟವರಲ್ಲ. "ನೋಡ್ರಮ್ಮ, ಮಾರಿದ್ದನ್ನ ಸರ್ಕಾರ ತಿರುಗಿ ನಿಮಗೆ ಕೊಡೋಕಾಗುತ್ತಾ? ಈ ರಸ್ತೆ, ಆ ಶಾಲೆ, ಎಲ್ಲಾ ಇಂಥ ಹಣದಿಂದಲೇ ನಡೀಬೇಕು. ಬೇಕಾದ್ರೆ ಗುತ್ತಿಗೆದಾರರನ್ನ ಕೇಳ್ಕೊಳ್ಳಿ" ಎಂದರು.

ಹುಸೇನ್‌ಬೀ ಸೆರಗು ಸರಿಮಾಡಿಕೊಂಡು, "ಗುತ್ತಿಗೆದಾರ್ರು ಸರ್ಕಾರನ ಕೇಳ್ರಿ ಅಂತಾರೆ, ಸರ್ಕಾರ ಗುತ್ತಿಗೆದಾರ್ರನ್ನ ಕೇಳ್ರಿ ಅಂತೈತೆ ಸ್ವಾಮಿ. ಗಾಳಿ ಯಾರನ್ನ ಕೇಳಿ ಉದ್ರಿಸ್ತು? ಒಣಗಿದ ಮರದ ಜಾಗಕ್ಕೆ ಸಸಿ ನೆಟ್ಟಾಗ ಕೊಡ ಹೊತ್ತು ನೀರು ಹೊಯ್ದೋರು ನಾನು, ಈ ಅಕ್ಕ" ಎಂದಳು. ಅಮಲ್ದಾರರು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡರು. ಪಾಪ, ಉತ್ತರವನ್ನು ಅವರಿಗೂ ಯಾರೂ ಕೊಟ್ಟು ಕಳಿಸಿರಲಿಲ್ಲ.

ಆ ಸಂಜೆ ಮಾವ ತಾವೇ ಹುಸೇನ್‌ಬೀಯನ್ನು ಕರೆಸಿದರು. "ಕುಂತ್ಕಳವ್ವ. ಊರಾಗೆ ಮನೆಗೊಂದು ಪುಟ್ಟಿ ಹಣ್ಣು ನಾನೇ ಕೊಡ್ತೀನಿ. ಈ ಮಾತು ಇಲ್ಲಿಗೆ ಬಿಡ್ರಿ" ಎಂದರು. ಕೊಡುವ ಮನಸ್ಸು ಅವರಿಗೆ ನಿಜವಾಗಿಯೂ ಇತ್ತು. ಅತ್ತೆಯ ಮುಖ ಸಡಿಲವಾದದ್ದನ್ನು ನಾನು ಕಂಡೆ.

ಹುಸೇನ್‌ಬೀ ಕೂರಲಿಲ್ಲ. "ಅಣ್ಣ, ನಿಮ್ ಕೈ ದೊಡ್ಡದು. ಆದ್ರೆ ನೀವು ಕೊಟ್ರೆ ಈ ವರ್ಷ ಐತೆ, ನೀವು ಕೊಡದಿದ್ರೆ ಬರೋ ವರ್ಷ ಇಲ್ಲ. ನೆಲ ಕೊಟ್ರೆ ಯಾವಾಗ್ಲೂ ಐತೆ. ನಿಮ್ ಮನೆ ಬಾಗ್ಲಾಗೆ ಪುಟ್ಟಿ ಹಿಡ್ಕೊಂಡು ನಿಂತ್ರೆ ನಾನು ನಿಮ್ ಹೆಂಡ್ತಿ ಗೆಳತಿ ಆಗಿ ಉಳಿತೀನಾ?"

ಮಾವ ಕೆಮ್ಮಿದರು. ಅತ್ತೆ ಅಡಿಗೆಮನೆಗೆ ಹೋಗಿ ಹುಳಿಯಿಲ್ಲದ ಸಾರಿಗೆ ಒಗ್ಗರಣೆ ಹಾಕಿದರು.

ಮಳೆಗಾಲ ಕಳೆಯಿತು, ರಾಶಿ ಗಾಡಿ ಹತ್ತಿ ಹೋಯಿತು, ಲಾಭವೂ ಬಂತು. ಮನೆಗೆ ಹೊಸ ಹೆಂಚು ಹೊದಿಸಿದೆವು. ಹುಸೇನ್‌ಬೀ ಮಾತ್ರ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅತ್ತೆ ಬಾವಿಕಟ್ಟೆಯಲ್ಲಿ ಅವಳಿಗಾಗಿ ಕಾದು, ಕೊಡ ತುಂಬಿಕೊಂಡು ಒಬ್ಬರೇ ಬರುತ್ತಿದ್ದರು. ಹೆಂಚಿನ ಮನೆಯಲ್ಲಿ ಅವರು ಮುದುಕಿಯಂತೆ ಕಾಣತೊಡಗಿದ್ದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಮಾವನಿಗೆ ಇನ್ನೂ ಹೆಚ್ಚು ಆಗುತ್ತಿತ್ತೆಂದು ಮುಂದಿನ ಹರಾಜಿನ ದಿನ ತಿಳಿಯಿತು.

ಚಾವಡಿಯ ಮುಂದೆ ಹರಾಜು. ನಾವು ಹೆಂಗಸರು ಎದುರಿನ ಬಾವಿಯಲ್ಲಿ ಸೇದಿದ ನೀರನ್ನೇ ಮತ್ತೆ ಸುರಿದು ಸೇದುತ್ತ ಕಿವಿಯಾಗಿದ್ದೆವು. ಮಾವ ತಮ್ಮ ಸವಾಲಿನ ಮೊತ್ತ ಕೂಗಿ, ಕೊನೆಗೆ ಸೇರಿಸಿದರು: "ನೆಲದ ಹಣ್ಣು ಬಿಟ್ಟು!"

ಗುಮಾಸ್ತೆ ನಕ್ಕ. "ಬಿಟ್ಟು ಅನ್ನೋದು ಹರಾಜಿನಾಗಿಲ್ಲ ಯಜಮಾನ್ರೇ. ಸುಮ್ನೆ ಕೂಗ್ರಿ."

ಹಿರಿಯೂರಿನ ವರ್ತಕರೊಬ್ಬರು ಏರಿಸಿದರು. ಮಾವ ಅದಕ್ಕಿಂತ ಏರಿಸಿ, ಮತ್ತೆ, "ನೆಲದ ಹಣ್ಣು ಬಿಟ್ಟು!" ಎಂದರು. ದನಿ ಎಷ್ಟು ಏರಿತ್ತೆಂದರೆ ಬಾವಿಯೊಳಗಿನ ಪಾರಿವಾಳಗಳು ಹಾರಿದವು. ಅವರು ಎಷ್ಟು ಹೆದರಿದ್ದರು ಎಂಬುದು ಅತ್ತೆಗೂ ನನಗೂ ಮಾತ್ರ ಗೊತ್ತು. ಷರತ್ತು ಹಾಕಿದ ಸವಾಲು ನಡೆಯದೆಂದು ಅಮಲ್ದಾರರು ಮೆಲುದನಿಯಲ್ಲೇ ಹೇಳಿದರು. ಮಾವ ಹೆಗಲ ವಲ್ಲಿ ಕೊಡವಿ ಕುಳಿತುಬಿಟ್ಟರು. ಮರಗಳು ಹಿರಿಯೂರಿನವರ ಪಾಲಾದವು.

ಮನೆಗೆ ಬಂದು ಅತ್ತೆ ನನ್ನನ್ನು ಅಂಗಡಿಗೆ ಅಟ್ಟಿದರು, ಹುಣಸೆಹಣ್ಣಿಗೆ. ಅವರು ಜೀವಮಾನದಲ್ಲಿ ಅದನ್ನು ಕೊಂಡು ತಂದವರಲ್ಲ. ಸಂಜೆ ಮಾವ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ರೆಪ್ಪೆಯ ಅಂಚು ಒದ್ದೆಯಾಗಿತ್ತು.

"ಹುಳಿ ಒಂಚೂರು ಜಾಸ್ತಿ ಆತೇನೋ" ಎಂದರು.

"ಉಣ್ರಿ, ಇಷ್ಟು ದಿನದ್ದು ಸೇರಿ ಐತೆ" ಎಂದರು ಅತ್ತೆ. ಹಿತ್ತಲ ಬಾಗಿಲಿನಿಂದ, "ಅಕ್ಕಾ, ವಾಸನೆ ನಮ್ಮನೆ ತನಕ ಬಂತು" ಎಂಬ ಹುಸೇನ್‌ಬೀಯ ದನಿ ಕೇಳಿಸಿತು. ಅವಳು ಬಟ್ಟಲನ್ನೂ ತಂದಿದ್ದಳು.

ಸರ್ಕಾರದ ಷರತ್ತು ಬದಲಾಗಲಿಲ್ಲ. ಹೊಸ ಗುತ್ತಿಗೆದಾರರು ಕಾವಲಿನವನನ್ನೂ ಇಟ್ಟರು. ಹೆಂಗಸರು ಮಾತ್ರ ಹೋಗುವುದನ್ನು ಬಿಡಲಿಲ್ಲ. ಎರಡು ಸಲ ದಂಡ ಕಟ್ಟಿ, ಮತ್ತೆ ಹೋದರು. ದಂಡದ ಹಣ ಯಾರ ಗಲ್ಲಾಪೆಟ್ಟಿಗೆಯಿಂದ ಬಂತೆಂದು ನಾನು ಹೇಳುವುದಿಲ್ಲ. ಪಡಸಾಲೆಯಲ್ಲಿ ಕೆಮ್ಮು ಕೇಳಿಸುತ್ತಿತ್ತು, ಅಷ್ಟೇ. ಬರಬರುತ್ತ ಕಾವಲಿನವನು ಬೆಳಗಿನ ಜಾವ ಮುಖದ ಮೇಲೆ ಕಂಬಳಿ ಎಳೆದುಕೊಳ್ಳುವುದನ್ನು ಕಲಿತ. ಅವನ ಮನೆಯಲ್ಲೂ ಸಾರು ಮಾಡುವವರಿದ್ದರು. ಈಗ ಅತ್ತೆ ಇಲ್ಲ, ಮಾವ ಇಲ್ಲ, ಹುಸೇನ್‌ಬೀಯೂ ಇಲ್ಲ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎನ್ನುತ್ತಾರೆ. ಅದು ನಿಜವೋ ಎಂದು ನೋಡಲು ಉಳಿದವಳು ನಾನೊಬ್ಬಳೇ, ಕೈಯಲ್ಲಿ ಮುರುಕು ಕೊಡೆ ಹಿಡಿದುಕೊಂಡು.

ಆ ಹೆಂಗಸು ಇನ್ನೂ ನೋಡುತ್ತಲೇ ಇದ್ದಳು. ಸುಳ್ಳೇಕೆ, ನನ್ನ ಬಾಯಲ್ಲೂ ನೀರೂರಿತ್ತು. ಕೊಟ್ಟು ಅವಳಿಂದ ಒಂದು ನಮಸ್ಕಾರ ಪಡೆಯುವ ಆಸೆ ಅದಕ್ಕಿಂತ ಹೆಚ್ಚಾಗಿತ್ತು. ಚಾಚಿದ ಕೈಯನ್ನು ಹಿಂದೆಗೆದುಕೊಂಡು ಕೊಡೆಯನ್ನು ಮೆಲ್ಲಗೆ ವಾಲಿಸಿದೆ. ಹಣ್ಣು ಜಾರಿ ನೆಲಕ್ಕೆ ಬಿತ್ತು. ಮೋಟಾರು ಬಂತೇ ಎಂದು ಹಿರಿಯೂರಿನ ಕಡೆ ಮುಖ ತಿರುಗಿಸಿ ನಿಂತೆ. ಬೆನ್ನ ಹಿಂದೆ ಬಳೆಯ ಸದ್ದಾಯಿತು. ತಿರುಗಿ ನೋಡಿದಾಗ ನೆಲದ ಮೇಲೆ ಹಣ್ಣಿರಲಿಲ್ಲ, ಅವಳು ಆಗಲೇ ಮುಂದಿನ ಮರದ ಕೆಳಗಿದ್ದಳು. ನನಗೆ ಒಂದು ಮಾತೂ ಹೇಳದೆ ಹೋಗಿದ್ದಳು.