ಗುಂಪು ಬಿಟ್ಟ ಕನ್ನಡಕದವರು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದೊಂದು ಸಣ್ಣ ಕನ್ನಡಕದ ಅಂಗಡಿ. ಮುಂದೆ ಕಪಾಟಿನ ತುಂಬ ಫ್ರೇಮುಗಳು, ಪರದೆಯ ಹಿಂದೆ ಗಾಜು ಉಜ್ಜುವ ಯಂತ್ರ, ಮೂಲೆಯಲ್ಲಿ ಹಳೆಯ ಕಂಪ್ಯೂಟರ್. ಬೀದಿಯವರಿಗೆಲ್ಲ ಅವರು ಕನ್ನಡಕದವರು. ಮಾತು ಕಡಿಮೆ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುವಾಗ ಮಾತ್ರ, "ಇನ್ಮೇಲೆ ಹೆಂಡತಿ ಕಣ್ಣು ಕೆಂಪಗೆ ಮಾಡಿದ್ರೆ ದೂರದಿಂದ್ಲೇ ಗೊತ್ತಾಗುತ್ತೆ ನೋಡಿ" ಎನ್ನುತ್ತಿದ್ದರು. ಬಿಲ್ಲು ಬರೆಯುತ್ತ ಕೂತ ಅವರ ಹೆಂಡತಿ ತಲೆ ಎತ್ತದೆಯೇ, "ಕೆಂಪಗೆ ಮಾಡೋ ಹಾಗೆ ಮಾಡೋರು ಯಾರು?" ಅನ್ನೋರು. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರಿಗೂ ಅದೇ ಹರಟೆ, ಅದೇ ಜಗಳ.

ಆಕೆಯ ಮೂತ್ರಪಿಂಡ ಕೈಕೊಟ್ಟಾಗ ಕನ್ನಡಕದವರು ಗಿರಾಕಿ ಇಲ್ಲದ ಹೊತ್ತಲ್ಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಔಷಧಿ, ಪಥ್ಯ, ಡಯಾಲಿಸಿಸ್ ಅಂತ ಹುಡುಕಿದ್ದೇ ಹುಡುಕಿದ್ದು. ಯಾವುದೂ ಕೈಹಿಡಿಯಲಿಲ್ಲ. ಆಕೆ ಹೋದರು. ಆದರೆ ಜಾಹೀರಾತುಗಳು ಹೋಗಲಿಲ್ಲ. ಎಲ್ಲಿ ನೋಡಿದರೂ ‘ನಿಮ್ಮ ಪ್ರೀತಿಪಾತ್ರರಿಗೆ ಮನೆಯಲ್ಲೇ ಡಯಾಲಿಸಿಸ್’. ಒಂದು ಬೆಳಿಗ್ಗೆ ಅಂಗಡಿ ತೆರೆದು ಫೋನು ನೋಡಿದರೆ ಹೆಂಡತಿಯ ನಗುಮುಖ, ಕೆಳಗೆ ‘ಇಂದು ಇವರ ಹುಟ್ಟುಹಬ್ಬ, ಶುಭ ಹಾರೈಸಿ’. ವಿಷಯ ಗೊತ್ತಿರದ ಯಾರೋ ಹಳೆಯ ಪರಿಚಯದವರು ಅದರ ಕೆಳಗೆ ‘ನೂರು ಕಾಲ ಬಾಳಿ’ ಎಂದು ಬರೆದಿದ್ದರು. ಕನ್ನಡಕದವರು ಅಂಗಡಿಯ ಬಾಗಿಲು ಅರ್ಧಕ್ಕೆ ಎಳೆದು, ಪರದೆಯ ಹಿಂದೆ ಹೋಗಿ ಕೂತರು. ಆ ದಿನ ಬಂದ ಗಿರಾಕಿಗಳೆಲ್ಲ ವಾಪಸ್ಸು ಹೋದರು.

ಬಡಾವಣೆಯ ಗ್ರಂಥಾಲಯದ ಮೇಡಂ ಅವರ ಹಳೆಯ ಗಿರಾಕಿ. ಆಕೆಯ ಹತ್ತಿರ ಈ ಜಾಹೀರಾತುಗಳ ಕಾಟ ಹೇಳಿಕೊಂಡರು.

"ನಮ್ಮಲ್ಲಿ ಇರೋದು ಬೇರೆ ಥರದ ಸಾಫ್ಟ್‌ವೇರ್ ಸರ್. ಬರೆದವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ನೋಡಬಹುದು."

"ನೋಡಿದ್ರೆ ನನಗೆ ಅರ್ಥ ಆಗಬೇಕಲ್ಲ ಮೇಡಂ?"

"ಅರ್ಥ ಆಗೋರು ನೋಡಿರ್ತಾರೆ. ನೀವು ಕೊಟ್ಟ ಗಾಜನ್ನ ನಾವೇನು ಅಳೆದು ನೋಡ್ತೀವಾ?"

ಹೀಗೆ ಅಂಗಡಿಯ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿತು. ಪ್ರಿಂಟರ್ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಬಹಳ ದಿನ ಸತಾಯಿಸಿ, ಮೇಡಂ ಬಂದು ಏನೋ ಮಾಡಿದ ಮೇಲೆ ದಾರಿಗೆ ಬಂತು. ಜಾಹೀರಾತಿಲ್ಲದೆ, ಕೆಲವರು ಆಸಕ್ತಿಯಿಂದ ನಡೆಸುವ, ಒಬ್ಬರಿಗೊಬ್ಬರು ಬರೆದುಕೊಳ್ಳುವ ಒಂದು ಸಣ್ಣ ಜಾಲತಾಣವನ್ನೂ ಆಕೆ ತೋರಿಸಿದರು. ಕನ್ನಡಕದವರು ಆ ಜಾಹೀರಾತುಗಳ ದೊಡ್ಡ ಕಂಪನಿಯ ಖಾತೆಗಳನ್ನೆಲ್ಲ ಮುಚ್ಚತೊಡಗಿದರು. ನೆಂಟರೆಲ್ಲ ಫೋನಿನಲ್ಲಿ ಸುದ್ದಿ ಹಂಚಿಕೊಳ್ಳುವ ಗುಂಪು ಕೂಡ ಅದೇ ಕಂಪನಿಯದು. ‘ನಾನು ಇಲ್ಲಿಂದ ಹೊರಟೆ. ಮನಸ್ಸಿದ್ದವರು ಹೊಸ ಜಾಗಕ್ಕೆ ಬನ್ನಿ’ ಎಂದು ಅಲ್ಲಿ ಬರೆದರು. ಒಂದಿಷ್ಟು ಹೆಬ್ಬೆರಳುಗಳು ಬಂದವು. ಚಿಕ್ಕಪ್ಪನ ಮಗ, ‘ಏನೋ, ಸನ್ಯಾಸ ತಗೊಂಡ್ಯಾ?’ ಎಂದು ಕೇಳಿದ. ಕನ್ನಡಕದವರು ಗುಂಪು ಬಿಟ್ಟರು. ಹೊಸ ಜಾಗಕ್ಕೆ ಹಿಂದೆ ಬಂದವಳು ಅಕ್ಕ ಒಬ್ಬಳೇ.

ಅಕ್ಕ ಇದ್ದದ್ದು ದೂರದ ಊರಿನಲ್ಲಿ, ಮಗನ ಮನೆಯಲ್ಲಿ. ಮಂಡಿನೋವಿನಿಂದ ಮೆಟ್ಟಿಲು ಇಳಿಯುವುದೇ ಬಿಟ್ಟಿದ್ದಳು. ತಲೆ ನರೆತ ತಮ್ಮ ಅವಳಿಗಿನ್ನೂ ಪುಟ್ಟ. ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದಳು:

"ಪುಟ್ಟಾ, ಇಲ್ಲಿ ಯಾರೂ ಇಲ್ವಲ್ಲೋ. ಖಾಲಿ ಬಸ್ಸಲ್ಲಿ ಕೂತ ಹಾಗಿದೆ."

"ನಾನಿದ್ದೀನಲ್ಲಕ್ಕ."

"ನೀನು ಡ್ರೈವರೋ ಕಂಡಕ್ಟರೋ?"

ಹೆಂಡತಿಯ ವಿಷಯವನ್ನು ಅವರು ಬಾಯಿಬಿಟ್ಟು ಆಡಿದ್ದು ಅಲ್ಲಿಯೇ, ಅಕ್ಕನೊಬ್ಬಳ ಎದುರಿಗೆ. ಹೀಗೇ ನಡೆದಿತ್ತು. ಒಂದು ದಿನ ಅಕ್ಕ ಹಳೆಯ ಗುಂಪಿನಲ್ಲಿ ಸಿಕ್ಕಿದ ಯಾವುದೋ ಮದುವೆಯ ಫೋಟೊ ತಂದು ಹಾಕಿದಳು. ಅದರಲ್ಲಿ ಹೆಂಡತಿಯೂ ಇದ್ದರು. ಕನ್ನಡಕದವರಿಗೆ ಎಲ್ಲಿತ್ತೋ ಸಿಟ್ಟು, ‘ಆ ಜಾಗದ್ದು ಯಾವುದನ್ನೂ ಇಲ್ಲಿಗೆ ತರಬೇಡ’ ಎಂದು ಬರೆದುಬಿಟ್ಟರು. ‘ಸರಿಯಪ್ಪಾ’ ಎಂದಳು ಅಕ್ಕ. ಆಮೇಲೆ ಬರೆಯಲಿಲ್ಲ. ಮುನಿಸು ಎಂದುಕೊಂಡರು. ಹಿರಿಯಳು, ಅವಳೇ ಮೊದಲು ಬರೆಯಲಿ ಎಂದು ಇವರೂ ಬಿಗಿದುಕೊಂಡು ಕೂತರು.

ಚಿಕ್ಕಪ್ಪನ ಮಗ ಕನ್ನಡಕದ ಕಾಲು ಮುರಿದುಕೊಂಡು ಅಂಗಡಿಗೆ ಬಂದ. ಕೂರು ಎಂದರೆ ಕೂರಲಿಲ್ಲ.

"ಅಕ್ಕನ ಮುಖ ನೋಡೋಕೂ ಬರ್ಲಿಲ್ವಲ್ಲೋ. ಅಷ್ಟೇನು ಸಿಟ್ಟಿತ್ತು ನಿನಗೆ?"

ಕನ್ನಡಕದವರ ಕೈಯಲ್ಲಿದ್ದ ಸಣ್ಣ ತಿರುಪು ನೆಲಕ್ಕೆ ಬಿತ್ತು. "ಅಕ್ಕನಿಗೇನಾಯ್ತು?"

ಅವನು ಸ್ಟೂಲು ಎಳೆದುಕೊಂಡು ಕೂತ. ಆಮೇಲೆ ಮೆಲ್ಲಗೆ, "ನಿನಗೆ... ಯಾರೂ ಹೇಳ್ಲಿಲ್ವಾ?" ಎಂದ.

ಎಲ್ಲ ಮುಗಿದು ವಾರ ಕಳೆದಿತ್ತು. ಕನ್ನಡಕದವರು ಅಂದೇ ಅಂಗಡಿ ಮುಚ್ಚಿ ಅಕ್ಕನ ಊರಿಗೆ ಹೊರಟರು.

ಅಕ್ಕನ ಮಗ ಮಾವನನ್ನು ಕಂಡದ್ದೇ ಅಳತೊಡಗಿದ. "ಎದೆನೋವು ಅಂತ ಆಸ್ಪತ್ರೆಗೆ ಸೇರಿಸಿದ ದಿನಾನೇ ಗುಂಪಲ್ಲಿ ಹಾಕ್ದೆ ಮಾವ. ಆ ಓಡಾಟದಲ್ಲಿ ನೀವು ಗುಂಪು ಬಿಟ್ಟಿದ್ದು ನೆನಪಾಗ್ಲೇ ಇಲ್ಲ. ಆಮೇಲೆ, ಯಾರಾದ್ರೂ ಫೋನ್ ಮಾಡಿರ್ತಾರೆ ಅಂದ್ಕೊಂಡೆ."

ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು.

"ನನ್ನ ಕೇಳಿದ್ಲಾ?"

ಅವನು ನೆಲ ನೋಡಿದ. "ಪುಟ್ಟನಿಗೆ ತಿಳಿಸಿದ್ಯಾ ಅಂದ್ರು. ಹೂಂ ಅಂದೆ. ಬಂದೇ ಬರ್ತಾನೆ ಅಂದ್ರು."

ಅವನ ಫೋನು ಇಸಿದುಕೊಂಡು ಕನ್ನಡಕದವರು ಗುಂಪನ್ನು ಹಿಂದಕ್ಕೆ ಸರಿಸಿ ನೋಡಿದರು. ‘ಅಮ್ಮ ಸ್ವಲ್ಪ ಹುಷಾರು’. ಕೆಳಗೆ ಹೂವುಗಳು. ‘ಅಮ್ಮ ಇನ್ನಿಲ್ಲ’. ಕೆಳಗೆ ಅಳುವ ಮುಖಗಳು, ಮುಗಿದ ಕೈಗಳು, ಒಂದರ ಮೇಲೊಂದು. ನಡುವೆ ಚಿಕ್ಕಮ್ಮ ಒಂದು ಸಾಲು ಬರೆದಿದ್ದರು: ‘ಪುಟ್ಟ ಹೊರಟನಾ?’ ಅದಕ್ಕೆ ಯಾರೂ ಉತ್ತರ ಬರೆದಿರಲಿಲ್ಲ.

"ಮತ್ತೆ ಸೇರಿಸ್ಲಾ ಮಾವ?"

"ಬೇಡಪ್ಪ" ಎಂದರು. ಅವನ ತಲೆ ಸವರಿ ಹೊರಟುಬಂದರು.

ಗ್ರಂಥಾಲಯದ ಮೇಡಂ ಹತ್ತಿರ ಒಮ್ಮೆ ಕೇಳಿದರು: "ನಾನು ತಪ್ಪು ಮಾಡಿದ್ನಾ?"

"ಬಿಟ್ಟಿದ್ದು ತಪ್ಪಲ್ಲ ಸರ್" ಎಂದರು ಆಕೆ. ಎದುರಿಗಿದ್ದ ಪುಸ್ತಕಗಳನ್ನು ಸುಮ್ಮನೆ ಎತ್ತಿ ಜೋಡಿಸತೊಡಗಿದರು.

ಈಗ ಭಾನುವಾರ ಅಂಗಡಿಗೆ ರಜೆ. ಕನ್ನಡಕದವರು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ನೆಂಟರಿಗೆ ಒಬ್ಬೊಬ್ಬರಿಗೇ ಫೋನು ಮಾಡುತ್ತಾರೆ. ಮೊದಮೊದಲು ಎತ್ತಿದವರೆಲ್ಲ ಗಾಬರಿಯಾಗುತ್ತಿದ್ದರು.

"ಯಾರಿಗೇನಾಯ್ತೋ?" ಎಂದ ಚಿಕ್ಕಪ್ಪನ ಮಗ.

"ಯಾರಿಗೂ ಏನಿಲ್ಲ. ಸುಮ್ನೆ ಮಾಡ್ದೆ."

"ಸುಮ್ನೇನಾ?"

"ಹೂಂ, ಸುಮ್ನೆ."

ಆ ಕಡೆಯವನಿಗೆ ಏನು ಮಾತಾಡಬೇಕೋ ತೋಚಲಿಲ್ಲ. ಈ ಕಡೆಯವರಿಗೂ ಅಷ್ಟೇ. ಆದರೆ ಇಬ್ಬರೂ ಫೋನು ಇಡಲಿಲ್ಲ.