ಒಂದೇ ಹಳ್ಳಕ್ಕೆ ನಾಲ್ಕು ಉದ್ದ

ಎಂಬತ್ತರ ದಶಕದ ಆರಂಭ. ಭೂವಿಜ್ಞಾನದ ಪಿಎಚ್‌.ಡಿ.ಗಾಗಿ ಸಿಂಗಟಗೆರೆ ಕಡೆಯ ಒಂದು ಹಳ್ಳದ ದಡ ಅಳೆಯುತ್ತಿದ್ದೆ. ಜೊತೆಗೆ ಬಂದವನು ಅಜ್ಜಂಪುರದ ಒಬ್ಬ ಅಜ್ಜ; ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ನಿವೃತ್ತನಾದವನು. ಮೂವತ್ತಮೂರು ಅಡಿಯ ಸರಪಳಿಯಿಂದ ದಡವನ್ನು ಅಳೆದು ಮುಗಿಸಿದಾಗ ಅವನು ನಕ್ಕ.

"ಇದು ಸರ್ಕಾರದ ಉದ್ದ ಕಣವ್ವಾ. ಸರಪಳಿ ನೆಟ್ಟಗೆ ಹೋಗುತ್ತೆ, ಸೊಟ್ಟೆಲ್ಲಾ ನುಂಗ್ಬಿಡುತ್ತೆ. ಗಿಡ್ಡ ಗಳ ತಗಂಡು ಅಳಿ, ಹಳ್ಳ ಹೆಂಗೆ ಬೆಳೀತದೆ ನೋಡು."

ತಮಾಷೆ ಎಂದುಕೊಂಡೆ. ಆದರೂ ಹತ್ತಡಿಯ ಗಳ, ಮೂರಡಿಯ ಕೋಲು, ಕೊನೆಗೆ ಒಂದಡಿಯ ಸ್ಕೇಲು ಹಿಡಿದು ಅದೇ ದಡವನ್ನು ಮತ್ತೆ ಮತ್ತೆ ಅಳೆದೆವು. ಪ್ರತಿ ಸಲವೂ ಹಳ್ಳ ಉದ್ದವಾಯಿತು. ಸ್ಕೇಲಿನ ಸರದಿಗೆ ಅಜ್ಜನ ಮಂಡಿ ಊದಿಕೊಂಡಿತ್ತು, ಆದರೂ ಅವನು ಬಿಡಲಿಲ್ಲ. ಅಳತೆಗೋಲಿನ ಉದ್ದಕ್ಕೆ ಎದುರಾಗಿ ಹಳ್ಳದ ಉದ್ದವನ್ನು ಲಾಗ್ ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ನಾಲ್ಕೂ ಚುಕ್ಕಿಗಳು ದಾರ ಹಿಡಿದಂತೆ ಒಂದೇ ಗೆರೆಯಲ್ಲಿ ಕೂತವು. ಪಕ್ಕದ ಹೊಲದ ಸಣ್ಣ ಕೊರಕಲನ್ನೂ ಹಾಗೇ ಅಳೆದೆವು. ಗೆರೆಯ ಓರೆ ಅದೇ. ತಪ್ಪುಗಳು ಅಷ್ಟು ಶಿಸ್ತಿನಿಂದ ಆಗುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು.

ನನ್ನ ಮಾರ್ಗದರ್ಶಕರು ಮಾತ್ರ ಆ ಹಾಳೆಯನ್ನು ಸರಿಯಾಗಿ ನೋಡಲೂ ಇಲ್ಲ. "ಏನಮ್ಮಾ ಇದು, ಒಂದೇ ಹಳ್ಳಕ್ಕೆ ನಾಲ್ಕು ಉದ್ದ! ಕೂಲಿಯವರನ್ನ ನಂಬಿದ್ರೆ ಹೀಗೇ ಆಗೋದು. ಸರಪಳಿಯದ್ದು ಇಟ್ಕೋ. ಉಳಿದದ್ದು ಅಳತೆ ತಪ್ಪು ಅಂತ ಬರಿ, ಇಲ್ಲದಿದ್ರೆ ನಾನು ಸಹಿ ಹಾಕಲ್ಲ."

ವಾದಿಸಬಹುದಿತ್ತು. ತರೀಕೆರೆಯ ಕಾಲೇಜಿನಲ್ಲಿ ಕೆಲಸ ಸಿಗುವ ಹಾಗಿತ್ತು, ಪದವಿ ಬೇಕಿತ್ತು. 'ವ್ಯತ್ಯಾಸಗಳಿಗೆ ತರಬೇತಿಯಿಲ್ಲದ ಸಹಾಯಕನ ಅಜಾಗರೂಕತೆ ಕಾರಣ' ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದೆ. ಮೂವತ್ತು ವರ್ಷ ಸರಪಳಿ ಎಳೆದವನಿಗೆ ತರಬೇತಿಯಿಲ್ಲವಂತೆ!

ಕೆಲವು ವರ್ಷಗಳ ನಂತರ ಅದೇ ಕಾಲೇಜಿನಲ್ಲಿ ಕೂತು ವಿದೇಶಿ ಪತ್ರಿಕೆಯೊಂದನ್ನು ತಿರುವಿದರೆ, ಯಾವುದೋ ಸಮುದ್ರ ತೀರದ ಅಳತೆಯಲ್ಲಿ ನಮ್ಮದೇ ಓರೆ ಗೆರೆ. ಅಲ್ಲಿ ಅದಕ್ಕೆ ತಪ್ಪು ಎಂದಲ್ಲ, ನಿಯಮ ಎಂದು ಹೆಸರು. ಮೇಷ್ಟ್ರ ಮೇಲಿನ ಸಿಟ್ಟು ಈಗಲೂ ಇಳಿದಿಲ್ಲ. ಆದರೆ ಅವರು ನೋಡದೆ ತಪ್ಪು ಅಂದರು. ನಾನು ನೋಡಿಯೂ ಬರೆದೆ. ಅದಕ್ಕಿಂತ ಹೆಚ್ಚು ಸುಡುವುದು ಪ್ರಬಂಧ ಬೈಂಡ್ ಆದ ವಾರ ನಡೆದದ್ದು.

ಪುಸ್ತಕ ಆಗಿದೆಯಂತೆ, ತೋರಿಸು ಎಂದು ಅಜ್ಜ ಹೇಳಿಕಳಿಸಿದ್ದ. ಒಂದು ಪ್ರತಿ ಹಿಡಿದು ಅಜ್ಜಂಪುರಕ್ಕೆ ಹೋದೆ. ಅವನಿಗೆ ಇಂಗ್ಲಿಷ್ ಬಾರದು. ಕೈ ತೊಳೆದು, ಒರೆಸಿಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ.

"ಇದ್ರಾಗೆ ನಂದು ಎಲ್ಲೈತವ್ವಾ?"

ಇಡೀ ಪ್ರಬಂಧದಲ್ಲಿ ಅವನ ಸುದ್ದಿಯಿದ್ದದ್ದು 'ಅಜಾಗರೂಕತೆ'ಯ ಆ ಒಂದೇ ಸಾಲಿನಲ್ಲಿ. ಅದನ್ನೇ ತೋರಿಸಿದೆ.

"ಏನಂತ ಬರ್ದೀಯ?"

"ಹಳ್ಳದ ಗುಟ್ಟು ಹೇಳಿಕೊಟ್ಟೋರು ನೀವೇ ಅಂತ, ಅಜ್ಜಾ."

ಅವನು ಒಳಗಿದ್ದ ಸೊಸೆಯನ್ನು ಕೂಗಿ ಕರೆದ. ಆ ಸಾಲಿನ ಮೇಲೆ ಬೆರಳಿಟ್ಟು, "ನೋಡು, ಇದು ನಾನು" ಎಂದ.